ಕಾದಂಬರಿ ಬಿಟ್ಟು ಬೇರೆ ಏನು ಓದಲಿ?

ದಾವಣಗೆರೆಯಲ್ಲಿ ನನ್ನ ಕೈಯಲ್ಲಿ ಲೈಬ್ರರಿ ಪುಸ್ತಕ ಕಂಡವರು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ. ‘ಕತೆ, ಕಾದಂಬರಿ ಆದರೆ ಓದಿಸಿಕೊಂಡು ಹೋಗುತ್ತವೆ. ಅವನ್ನು ಬಿಟ್ಟು ಬೇರೆ ಏನಾದರೂ ತರೋಣ ಅಂದರೆ ಯಾವುದನ್ನು ತರಬೇಕು? ಬೋರ್ ಹೊಡೀಬಾರದು.’

ತಾವೇ ಹೋಗಿ ನೋಡಿದವರು ಬರೆದದ್ದನ್ನು ತನ್ನಿ. ಇದು ನನ್ನ ಉತ್ತರ. ವಿಷಯ ಗಿಡ ಇರಲಿ, ಇತಿಹಾಸ ಇರಲಿ, ಸ್ವಂತ ಬದುಕೇ ಇರಲಿ. ಬರೆದವರು ಅಲ್ಲಿ ನಡೆದಾಡಿದ್ದಾರಾ, ಕಣ್ಣಾರೆ ಕಂಡಿದ್ದಾರಾ? ಕಪಾಟಿನ ಮುಂದೆ ನಿಂತುಕೊಂಡೇ ನಡುವಿನ ಯಾವುದಾದರೂ ಪುಟ ತೆಗೆದು ಓದಿ, ಗೊತ್ತಾಗಿಬಿಡುತ್ತದೆ. ಮುನ್ನುಡಿ ಓದಿ ನಿರ್ಧಾರ ಮಾಡಬೇಡಿ.

ಹೊಸಬರಿಗೆ ನಾನು ಮೊದಲು ಹೇಳುವುದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಸ್ವಾಮಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ್ದನ್ನು ಇದರಲ್ಲಿ ಬರೆದಿದ್ದಾರೆ. ಗಿಡದ ವಿಷಯ ಎಲ್ಲಿ ಮುಗಿಯಿತು, ಹುಡುಗರ ಕೀಟಲೆ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ಗಿಡಗಳ ಚಿತ್ರಗಳನ್ನೂ ಅವರೇ ಬರೆದಿದ್ದಾರೆ. 1978ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅದು ಹಿಡಿಸಿದರೆ ಅವರದೇ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ತನ್ನಿ. ನಾವು ದಿನಾ ತಿನ್ನುವ ಎಷ್ಟೋ ಕಾಯಿ, ಹಣ್ಣು, ಬೀಜಗಳು ಸಮುದ್ರ ದಾಟಿ ಬಂದವು ಅನ್ನುವುದು ಅದರ ವಿಷಯ. ಅದನ್ನು ನಮ್ಮೂರಲ್ಲಿ ಕೂತು ಓದುವ ಖುಷಿಯೇ ಬೇರೆ. ಸಂಜೆಯಾದರೆ ಮಂಡಕ್ಕಿ-ಮೆಣಸಿನಕಾಯಿ ಬೇಕು ನಮಗೆ, ಅಲ್ವಾ? ಆ ತಟ್ಟೆಯನ್ನೇ ನೋಡಿ. ಮಂಡಕ್ಕಿ, ಕಡಲೆಹಿಟ್ಟು, ಈರುಳ್ಳಿ ನಮ್ಮಲ್ಲಿ ಬಹಳ ಹಿಂದಿನಿಂದ ಇದ್ದವು. ಮೆಣಸಿನಕಾಯಿ, ಟೊಮೆಟೊ, ಶೇಂಗಾ ಮೂರೂ ಅಮೆರಿಕ ಖಂಡದವು. ಪೋರ್ಚುಗೀಸರು ಬರುವ ಮೊದಲು ನಮ್ಮ ಹಿರಿಯರು ಅವುಗಳ ರುಚಿಯನ್ನೇ ಕಂಡಿರಲಿಲ್ಲ. ಲಾರಿಗಟ್ಟಲೆ ನಮ್ಮ ಮಾರುಕಟ್ಟೆಗೆ ಬರುವ ಮೆಕ್ಕೆಜೋಳದ ತವರೂ ಅದೇ ಖಂಡ. ಇಷ್ಟು ತಿಳಿದ ಮೇಲೆ ಚಳ್ಳಕೆರೆ ಕಡೆ ಹೋದಾಗ ಶೇಂಗಾ ಹೊಲದಲ್ಲಿ ಸ್ವಲ್ಪ ಬಗ್ಗಿ ನೋಡಿ. ಹಳದಿ ಹೂವು ಬಿಡುವುದು ನೆಲದ ಮೇಲೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಮೊನಚಾದ ಎಳೆಯೊಂದು ಕೆಳಗಿಳಿದು ಮಣ್ಣು ಹೊಗುತ್ತದೆ. ಕಾಯಿ ಕಟ್ಟುವುದು ಅಲ್ಲಿ, ಕತ್ತಲಲ್ಲಿ.

ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಸಣ್ಣ ಪುಸ್ತಕ, ಒಂದೇ ಕೂತದ್ದಿಗೆ ಮುಗಿಯುತ್ತದೆ. ಹೊಲದಲ್ಲಿ ಇಬ್ಬರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಹಿಂದೆ ಇನ್ನೊಬ್ಬ ಉಳುತ್ತಿದ್ದಾನೆ. ನೋಡುವ ಮಗುವಿಗೆ ಅದೊಂದು ತಮಾಷೆ. ಆಮೇಲೆ ಗೊತ್ತಾಗುತ್ತದೆ, ನೊಗ ಹೊತ್ತ ಒಬ್ಬರು ತನ್ನ ಅಪ್ಪ. ಇದನ್ನು ಅವರು ದನಿ ಏರಿಸದೆ ಹೇಳುತ್ತಾರೆ. ಪುಸ್ತಕದ ತುಂಬ ನಗಿಸುತ್ತಾರೆ ಕೂಡ. ಕನ್ನಡ ಓದಲು ಬರುವ ಪ್ರತಿಯೊಬ್ಬರೂ ಇದನ್ನು ಓದಬೇಕು ಅಂತ ನನ್ನ ಆಸೆ.

ಡಿವಿಜಿಯವರ ‘ಜ್ಞಾಪಕ ಚಿತ್ರಶಾಲೆ’ ಎಂಟು ಸಂಪುಟ. ಎಂಟನ್ನೂ ಹೊತ್ತು ತರಬೇಡಿ. ಮೈಸೂರಿನ ದಿವಾನರ ಸಂಪುಟ ಒಂದು ಸಾಕು, ಉಳಿದವನ್ನು ಅದೇ ಕೇಳಿ ತರಿಸಿಕೊಳ್ಳುತ್ತದೆ.

‘ಇಷ್ಟು ಹೇಳೋ ಬದಲು ಕೊಂಡುಕೊಳ್ಳಿ ಅನ್ನಬಹುದಲ್ಲ?’ ಅಂತಲೂ ಕೆಲವರು ಕೇಳುತ್ತಾರೆ. ಕೊಳ್ಳಿ, ಬೇಡ ಅನ್ನಲ್ಲ. ಆದರೆ ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಬಾಬ್ತು ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಕಟ್ಟಿಸಿಕೊಳ್ಳುವ ದುಡ್ಡು ಅದು. ಪುಸ್ತಕಕ್ಕೆ ಆಗಲೇ ಕೊಟ್ಟಾಗಿದೆ, ಸುಮ್ನೆ ಹೋಗಿ ತರುವುದಷ್ಟೇ ಬಾಕಿ.

ಇನ್ನೊಂದು ಪುಸ್ತಕದ ಬಗ್ಗೆ ನನಗೆ ಜಾಸ್ತಿ ಪ್ರೀತಿ. ಅದನ್ನು ಸಾಮಾನ್ಯವಾಗಿ ಮನೆಗೆ ಕೊಡುವುದಿಲ್ಲ, ಪರಾಮರ್ಶನ ವಿಭಾಗದಲ್ಲೇ ಕೂತು ನೋಡಬೇಕು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೆಯ ಸಂಪುಟ, ಚಿತ್ರದುರ್ಗ ಜಿಲ್ಲೆಯ ಶಾಸನಗಳು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ.ಎಲ್. ರೈಸ್ ಮತ್ತು ಅವರ ಸಿಬ್ಬಂದಿ ಹಳ್ಳಿ ಹಳ್ಳಿ ಸುತ್ತಿ ಕಲ್ಲಿನ ಬರಹಗಳನ್ನು ಸೇರಿಸಿದ್ದು. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ನಮ್ಮ ತಾಲ್ಲೂಕಿನ ಶಾಸನಗಳೂ, ಹರಿಹರದ ಹರಿಹರೇಶ್ವರ ದೇವಸ್ಥಾನದವೂ ಅದರಲ್ಲೇ ಇವೆ.

ಅದರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಪುಟಗಳನ್ನು ತೆಗೆಯಿರಿ. ಬ್ರಹ್ಮಗಿರಿಯ ಅಶೋಕನ ಶಾಸನ ಸಿಗುತ್ತದೆ. 1892ರಲ್ಲಿ ರೈಸ್ ಅವರಿಗೆ ಸಿಕ್ಕಿದ್ದು. ಶಾಸನ ಇರುವುದು ಬ್ರಾಹ್ಮಿ ಲಿಪಿಯಲ್ಲಿ. ಕೊನೆಗೆ ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. ಅಷ್ಟಕ್ಕೇ ಬಿಡದೆ, ತಾನು ಲಿಪಿಕಾರ ಅನ್ನುವ ಒಂದು ಪದವನ್ನು ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ಅಂದರೆ ದೂರದ ವಾಯವ್ಯದ, ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಬರೆಯುವುದು. ಮೊಳಕಾಲ್ಮೂರಿನ ಬಂಡೆಯ ಮೇಲೆ ಅದನ್ನು ಓದುವವರು ಆಗ ಯಾರಿದ್ದರು? ಆದರೂ ಬರೆದ. ಸುಮಾರು 2,250 ವರ್ಷದ ಹಿಂದಿನ ಒಬ್ಬ ಕೆಲಸಗಾರನ ಗುರುತು ಅದು. ಯಾವ ಕಾದಂಬರಿಯ ಪಾತ್ರವೂ ನನ್ನನ್ನು ಇಷ್ಟು ಹೊತ್ತು ಹಿಡಿದು ನಿಲ್ಲಿಸಿಲ್ಲ.

ಈ ಸಂಪುಟ ನೋಡುವಾಗ ಒಂದು ನೋಟ್‌ಬುಕ್ ಜೊತೆಗಿರಲಿ. ಶಾಸನಗಳನ್ನು ತಾಲ್ಲೂಕುವಾರು ನಂಬರ್ ಕೊಟ್ಟು ಜೋಡಿಸಿದ್ದಾರೆ. ಮೊದಲು ನಿಮ್ಮ ತಾಲ್ಲೂಕು ತೆಗೆಯಿರಿ, ಅದರಲ್ಲಿ ನಿಮ್ಮ ಊರಿನ ಹೆಸರು ಹುಡುಕಿ. ಸಿಕ್ಕರೆ ನಂಬರ್ ಬರೆದುಕೊಂಡು, ಮುಂದಿನ ಸಲ ಊರಿಗೆ ಹೋದಾಗ ಆ ಕಲ್ಲು ಎಲ್ಲಿದೆ ವಿಚಾರಿಸಿ. ದೇವಸ್ಥಾನದ ಗೋಡೆಯಲ್ಲೋ ಕೆರೆ ಏರಿಯ ಮೇಲೋ ಕಂಡರೆ, ಅದಕ್ಕೆ ಸುಣ್ಣ ಬಳಿಯಬೇಡಿ ಅಂತ ಊರವರಿಗೆ ಒಂದು ಮಾತು ಹೇಳಿ ಬನ್ನಿ.