ಲಿಸ್ಬನ್ನಾ, ಕಡಲಾ? ಪೋರ್ಚುಗಲ್‌ಗೆ ಹೊರಟ ಜೋಡಿಗಳಿಗೆ ನನ್ನ ಉತ್ತರ

ನಾವಿಬ್ಬರೂ ಪೋರ್ಚುಗಲ್ ಸುತ್ತಿ ಬಂದಾಗಿನಿಂದ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಲ್ಲಿ ಬರುತ್ತಿದೆ. "ಅಕ್ಕಾ, ನನಗೆ ಊರು ಸುತ್ತಬೇಕು, ಇವರಿಗೆ ಬೀಚ್ ಬೇಕು. ಒಂದೇ ರಜೆಯಲ್ಲಿ ಎರಡೂ ಆಗುತ್ತಾ?" ಗಂಡ-ಹೆಂಡತಿ ಜಾಗ ಬದಲಿಸಿಕೊಂಡು ಕೇಳಿದ್ದೂ ಉಂಟು. ನಮ್ಮ ಮನೆಯಲ್ಲಿ ಕಡಲಿನ ಹುಚ್ಚು ನನಗೆ, ಹಳೇ ಬೀದಿಗಳ ಹುಚ್ಚು ಅವರಿಗೆ.

ಧಾರಾಳವಾಗಿ ಆಗುತ್ತದೆ. ಆದರೆ ಎರಡೇ ಊರು: ಲಿಸ್ಬನ್ ಒಂದು, ದಕ್ಷಿಣದ ಕಡಲತೀರದ ಸಣ್ಣ ಊರು ಇನ್ನೊಂದು. ಪೋರ್ಟೊ, ಕೊಯಿಂಬ್ರಾ, ನಜರೆ ಎಲ್ಲ ಸೇರಿಸಿದ ಪಟ್ಟಿ ಕಳಿಸಿ "ಸರಿ ಇದೆಯಾ ನೋಡಿ" ಅನ್ನುವವರಿಗೆ ನಾನು ಮೊದಲು ಪೋರ್ಟೊ ಹೊಡೆದುಹಾಕಿ ವಾಪಸ್ ಕಳಿಸುತ್ತೇನೆ. ಚಂದದ ಊರೇ, ಸಂಶಯವಿಲ್ಲ. ಆದರೆ ಅದು ಉತ್ತರದಲ್ಲಿ, ಬೆಚ್ಚಗಿನ ನೀರು ದಕ್ಷಿಣದಲ್ಲಿ. ಎರಡನ್ನೂ ಹಿಡಿಯಹೋದರೆ ರಜೆ ಸೂಟ್‌ಕೇಸ್ ಎಳೆಯುವುದರಲ್ಲೇ ಮುಗಿಯುತ್ತದೆ.

ಬೆಚ್ಚಗಿನ ನೀರು ಅಂದೆನಲ್ಲ, ಮೊದಲು ಅದನ್ನೇ ಹೇಳಿಬಿಡಬೇಕು. ಪೋರ್ಚುಗಲ್‌ನ ಕಡಲು ಅಟ್ಲಾಂಟಿಕ್. ಮಲ್ಪೆಯಲ್ಲೋ ಮುರುಡೇಶ್ವರದಲ್ಲೋ 28 ಡಿಗ್ರಿ ನೀರಿನಲ್ಲಿ ತಾಸುಗಟ್ಟಲೆ ಬಿದ್ದುಕೊಂಡು ರೂಢಿಯಾದ ಮೈಗೆ ಅಲ್ಲಿಯ ಮೊದಲ ಅಲೆ ಬಾರಿಸಿದಂತಾಗುತ್ತದೆ. ಆಗಸ್ಟ್‌ನ ಸುಡುಬಿಸಿಲಿನಲ್ಲೂ ಲಿಸ್ಬನ್ ಸುತ್ತಿನ ನೀರು ಸಾಧಾರಣವಾಗಿ 17ರಿಂದ 19 ಡಿಗ್ರಿ. ಬೇಸಿಗೆಯಿಡೀ ಆ ಕರಾವಳಿಯಲ್ಲಿ ಉತ್ತರದ ಗಾಳಿ ಬೀಸುತ್ತದೆ, ನೊರ್ತಾದಾ ಅನ್ನುತ್ತಾರೆ. ಅದು ಬಿಸಿಲಿಗೆ ಕಾದ ಮೇಲ್ಪದರದ ನೀರನ್ನು ದಡದಿಂದ ದೂರ ತಳ್ಳುತ್ತದೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಮೇಲೆದ್ದು ಬರುತ್ತದೆ. ಆ ನೀರಿನ ಜತೆ ಮೀನಿಗೆ ಬೇಕಾದ ಆಹಾರವೂ ಮೇಲೆ ಬರುವುದರಿಂದಲೇ ಅಲ್ಲಿ ಬೂತಾಯಿ ಸಮೃದ್ಧಿ. ಮೀನಿಗೆ ಒಳ್ಳೆಯದು, ನಮ್ಮ ಮೊಣಕಾಲಿಗಲ್ಲ. ದಕ್ಷಿಣದ ಆಲ್ಗಾರ್ವ್ ಪ್ರಾಂತ್ಯಕ್ಕೆ ಇಳಿದು ಪೂರ್ವಕ್ಕೆ, ಸ್ಪೇನ್ ಗಡಿಯ ಕಡೆಗೆ, ಹೋದಂತೆ ನೀರು ಹದಕ್ಕೆ ಬರುತ್ತದೆ. ಬೇಸಿಗೆಯ ಕೊನೆಯಲ್ಲಿ 22 ಡಿಗ್ರಿ ದಾಟುವುದೂ ಉಂಟು. ಹಾಗಾಗಿ "ಯಾವ ಬೀಚ್?" ಅಂತ ಕೇಳುವವರಿಗೆ ನಾನು ತಿರುಗಿ ಕೇಳುತ್ತೇನೆ: ನೀರಿಗೆ ಇಳಿಯುವವರಾ, ನೋಡುವವರಾ?

ಮೊದಲು ಲಿಸ್ಬನ್. ಅಲ್ಲಿ ನೋಡಬೇಕಾದ್ದರ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ನಾನು ಹೊಸದಾಗಿ ಬರೆಯುವುದಿಲ್ಲ. ಚಪ್ಪಲಿಯ ಬಗ್ಗೆ ಮಾತ್ರ ಹೇಳುತ್ತೇನೆ. ಪಾದಚಾರಿ ದಾರಿಗಳಿಗೆಲ್ಲ ಅಂಗೈಗಿಂತ ಚಿಕ್ಕ ಸುಣ್ಣಕಲ್ಲಿನ ತುಂಡುಗಳನ್ನು ಕೈಯಲ್ಲೇ ಜೋಡಿಸಿ ಕೂರಿಸಿದ್ದಾರೆ. ಬಿಳಿಯ ನಡುವೆ ಕಪ್ಪು ಕಲ್ಲಿನ ಅಲೆ, ಬಳ್ಳಿ, ಹಡಗು. ವರ್ಷಗಟ್ಟಲೆ ಜನರ ಕಾಲು ಸವರಿ ಸವರಿ ಕಲ್ಲು ಹೊಳೆಯುತ್ತದೆ. ಹತ್ತು ಹನಿ ಮಳೆ ಬಿದ್ದರೆ ಸಾಕು, ಆ ಇಳಿಜಾರಿನಲ್ಲಿ ನವದಂಪತಿಗಳು ಕೈ ಹಿಡಿದು ನಡೆಯುವುದು ಪ್ರೀತಿಗಲ್ಲ, ಆಧಾರಕ್ಕೆ. ಒಳ್ಳೆ ಹಿಡಿತದ ಬೂಟು ತೆಗೆದುಕೊಂಡು ಹೋಗಿ.

ಹಳೇ ಬೀದಿ ಇಷ್ಟಪಡುವವರನ್ನು ಬೈಷಾ ಮತ್ತು ಆಲ್ಫಾಮಾ ಎರಡರಲ್ಲೂ ಒಂದೇ ದಿನ ನಡೆಸಿ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಚರ್ಚಿನಲ್ಲಿದ್ದಾಗ ಭೂಕಂಪವಾಯಿತು. ಹಿಂದೆಯೇ ಸುನಾಮಿ, ಅದರ ಮೇಲೆ ಬೆಂಕಿ. ನದಿದಂಡೆಯ ಬೈಷಾ ನೆಲಸಮ. ಮಾರ್ಕ್ವಿಸ್ ಆಫ್ ಪೊಂಬಾಲ್ ಎಂದು ಮುಂದೆ ಹೆಸರಾದ ಮಂತ್ರಿಯ ಉಸ್ತುವಾರಿಯಲ್ಲಿ ಅದನ್ನು ಅಳತೆಪಟ್ಟಿ ಹಿಡಿದು ಗೆರೆ ಎಳೆದಂತೆ ಮತ್ತೆ ಕಟ್ಟಿದರು. ಗೋಡೆಗಳೊಳಗೆ ಮರದ ಚೌಕಟ್ಟಿನ ಪಂಜರ, ನೆಲ ಅಲುಗಿದರೆ ಬಾಗಲಿ ಎಂದು. ಮಾದರಿ ಕಟ್ಟಿ, ಸುತ್ತ ಸೈನಿಕರಿಂದ ಕವಾಯತು ಮಾಡಿಸಿ ಪರೀಕ್ಷಿಸಿದರು ಎನ್ನುತ್ತಾರೆ. ಗುಡ್ಡದ ಮೇಲಿನ ಆಲ್ಫಾಮಾ ಮಾತ್ರ ಬಹುಪಾಲು ಉಳಿದುಕೊಂಡಿತು. ಹಾಗಾಗಿ ಕೆಳಗೆ ನೇರ ಬೀದಿ, ಹತ್ತು ನಿಮಿಷ ಮೇಲೆ ಹತ್ತಿದರೆ ಎಲ್ಲಿ ತಿರುಗಿದರೂ ಯಾರದೋ ಮನೆಯ ಒಗೆದ ಬಟ್ಟೆಗೆ ತಲೆ ತಾಗುವ ಓಣಿ. 28ನೇ ನಂಬರಿನ ಹಳದಿ ಟ್ರಾಮ್‌ಗೆ ಎಲ್ಲರೂ ಮುಗಿಬೀಳುತ್ತಾರೆ, ಜೇಬುಗಳ್ಳರೂ. ಬೆಳಗಿನ ಜಾವ ಹತ್ತಿ, ಇಲ್ಲವೇ ಅದೇ ತರಹದ ಹಳೇ ಗಾಡಿ ಓಡುವ 25ನ್ನು ಹಿಡಿಯಿರಿ.

ಲಿಸ್ಬನ್‌ನದೇ ಬೆಲೆಂ ಬಡಾವಣೆಯ ಜೆರೊನಿಮೋಸ್ ಮಠದ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು, ಯಾಕೆಂದರೆ ನಾನು ಹೊನ್ನಾವರದ ಕಡೆಯವಳು. ಆ ಮಠದ ಚರ್ಚಿನ ಬಾಗಿಲ ಬಳಿಯೇ ವಾಸ್ಕೋ ಡ ಗಾಮಾನ ಸಮಾಧಿ. ಸತ್ತದ್ದು 1524ರಲ್ಲಿ ಕೊಚ್ಚಿಯಲ್ಲಿ. ಅವಶೇಷಗಳನ್ನು ಇಲ್ಲಿಗೆ ತಂದದ್ದು 19ನೇ ಶತಮಾನದಲ್ಲಿ. ಪ್ರವಾಸಿಗರು ಕಲ್ಲಿನ ಕೆತ್ತನೆಯ ಹಗ್ಗ, ಹವಳ, ಗಂಟುಗಳ ಫೋಟೋ ತೆಗೆಯುತ್ತಾರೆ. ಅಷ್ಟೆಲ್ಲ ಕೆತ್ತಿಸಲು ಹಣ ಬಂದದ್ದು ಬಹುಪಾಲು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲಿನ ತೆರಿಗೆಯಿಂದ, ನೂರಕ್ಕೆ ಐದರಂತೆ. ಅದಕ್ಕೆ ಕಾಳುಮೆಣಸಿನ ಹೆಸರೇ ಇತ್ತು. 1498ರಲ್ಲಿ ವಾಪಸಾಗುವಾಗ ಗಾಮಾ ಲಂಗರು ಹಾಕಿದ್ದು ಕಾರವಾರದೆದುರಿನ ಅಂಜದೀವ್ ದ್ವೀಪದಲ್ಲಿ. 1502ರಲ್ಲಿ ಮತ್ತೆ ಬಂದು ಭಟ್ಕಳದ ಮೇಲೆ ಕಪ್ಪ ಹೇರಿದ. ಆಮೇಲೆ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಇದೇ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಇಷ್ಟು ತಿಳಿದುಕೊಂಡು ಹೋದರೆ ಆ ಕಂಬಗಳ ನಡುವೆ ನಿಂತಾಗ ಬೆರಗಿನ ಜತೆ ಸ್ವಲ್ಪ ಸಿಟ್ಟೂ ಬರುತ್ತದೆ. ಬರಲಿ. ಹೊರಗೆ ಬಂದು, 1837ರಿಂದ ನಡೆಯುತ್ತಿರುವ ಬೆಲೆಂ ಅಂಗಡಿಯಲ್ಲಿ ಬಿಸಿ ಬಿಸಿ ಕಸ್ಟರ್ಡ್ ಟಾರ್ಟ್ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿಕೊಂಡು ತಿನ್ನಿ. ಮೊಟ್ಟೆ ಇದೆ, ತಿನ್ನದವರು ಕೇಳಿಕೊಳ್ಳಿ.

ಲಿಸ್ಬನ್‌ನಲ್ಲೇ ಉಳಿದು ಕಡಲ ರುಚಿ ನೋಡಿದರೆ ಸಾಕು ಎನ್ನುವವರಿಗೆ ಕಾಸ್ಕೈಸ್ ಇದೆ. ಕಾಯ್ಸ್ ದೊ ಸೊದ್ರೆ ನಿಲ್ದಾಣದಿಂದ ನಲವತ್ತು ನಿಮಿಷದ ಲೋಕಲ್ ರೈಲು. ಹೋಗುವಾಗ ಎಡಗಡೆ ಕೂತರೆ ತೇಜು ನದಿ ನೋಡನೋಡುತ್ತಲೇ ಕಡಲಾಗುತ್ತದೆ. ಅಲ್ಲಿಂದ ಬಸ್ ಹತ್ತಿದರೆ ಕಾಬೋ ದ ರೋಕಾ, ಯುರೋಪ್ ಭೂಖಂಡದ ಪಶ್ಚಿಮದ ಕಟ್ಟಕಡೆಯ ಮೂಲೆ. ಸುಮಾರು 140 ಮೀಟರ್ ಎತ್ತರದ ಬಂಡೆ, ಟೋಪಿ ಹಾರಿಸುವ ಗಾಳಿ, ಒಂದು ದೀಪಸ್ತಂಭ. ಇಪ್ಪತ್ತು ನಿಮಿಷ ಸಾಕು. ಸಿಂತ್ರಾದ ಅರಮನೆಗಳನ್ನು ಅದೇ ದಿನ ತುರುಕುವ ಪ್ಯಾಕೇಜ್‌ಗಳಿವೆ, ಬೇಡ.

ಇನ್ನು ದಕ್ಷಿಣ. ಲಿಸ್ಬನ್‌ನಿಂದ ಆಲ್ಗಾರ್ವ್‌ನ ಮುಖ್ಯ ಊರು ಫಾರೋಗೆ ರೈಲಿನಲ್ಲಿ ಸುಮಾರು ಮೂರು ತಾಸು, ಟಿಕೆಟ್ ಮುಂಚೆ ತೆಗೆದಷ್ಟೂ ಅಗ್ಗ. ಇಲ್ಲಿ ಜೋಡಿಗಳು ಎರಡು ದಾರಿ ಹಿಡಿಯುತ್ತಾರೆ. ಹೆಚ್ಚಿನವರು ಪಶ್ಚಿಮಕ್ಕೆ, ಲಾಗೋಸ್ ಕಡೆಗೆ. ಇನ್‌ಸ್ಟಾಗ್ರಾಮ್‌ನಲ್ಲಿ ಕಾಣುವ ಜೇನುಬಣ್ಣದ ಬಂಡೆ, ಕಮಾನು, ಗುಹೆಗಳೆಲ್ಲ ಆ ಕಡೆಯವು. ಪೊಂತಾ ದ ಪಿಯೆದಾದೆಯ ಬಂಡೆ ಅಂಚಿನ ನಡಿಗೆ ನಿಜಕ್ಕೂ ಮರೆಯುವಂಥದ್ದಲ್ಲ. ಬೆನಾಗಿಲ್ ಗುಹೆಯ ಮರಳಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ ಇದ್ದರೆ ಬಿಟ್ಟುಬಿಡಿ. 2024ರಿಂದ ಅಲ್ಲಿ ಇಳಿಯುವುದಕ್ಕೂ, ಈಜಿಕೊಂಡು ಒಳಗೆ ಹೋಗುವುದಕ್ಕೂ ನಿಷೇಧ. ಹಳೇ ವಿಡಿಯೋ ನೋಡಿ ಹೊರಟವರು ದೋಣಿಯಲ್ಲೇ ಕೂತು ಕತ್ತೆತ್ತಿ ನೋಡಿ ಬರುತ್ತಾರೆ.

ನನ್ನ ಮತ ಪೂರ್ವದ ತವೀರಾಗೆ. ಫಾರೋದಿಂದ ಪ್ಯಾಸೆಂಜರ್ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಇಲ್ಲ. ಊರ ನಡುವೆ ನದಿ, ರೋಮನ್ ಸೇತುವೆ ಎಂದು ಕರೆಸಿಕೊಳ್ಳುವ, ಆದರೆ ರೋಮನ್ನರು ಕಟ್ಟದ ಸೇತುವೆ, ನಾಲ್ಕು ಮಗ್ಗುಲಿನ ಪುಟ್ಟ ಪುಟ್ಟ ಹೆಂಚಿನ ಮಾಡು. ಊರಿನೊಳಗೆ ಬೀಚ್ ಇಲ್ಲ ಅನ್ನುವುದೇ ಅದನ್ನು ಕಾಪಾಡಿದೆ. ಎದುರಿಗೆ ರಿಯಾ ಫಾರ್ಮೋಸಾ ಹಿನ್ನೀರು, ಅದರಾಚೆ ಸಪೂರ ಮರಳಿನ ದ್ವೀಪಗಳು, ಕಡಲು ಅವುಗಳ ಹೊರಮಗ್ಗುಲಿಗೆ. ಸಣ್ಣ ಲಾಂಚ್ ಹತ್ತಿ ದಾಟಬೇಕು. ಹೋಟೆಲ್ ಕಿಟಕಿಯಿಂದಲೇ ಅಲೆ ಕಾಣಬೇಕು ಎನ್ನುವವರಿಗೆ ಈ ಊರು ಹಿಡಿಸುವುದಿಲ್ಲ.

ಅಲ್ಲೇ ಬಾರಿಲ್ ಅಂತ ಒಂದು ಬೀಚ್. ಕೆಸರುಗದ್ದೆಯ ಮೇಲೆ ಆಟಿಕೆಯಂಥ ರೈಲು ಒಂದು ಕಿಲೋಮೀಟರ್ ಓಡುತ್ತದೆ. ಇಳಿತದ ಹೊತ್ತಿಗೆ ನಡೆದುಕೊಂಡೇ ಹೋದರೆ ಹಳಿಯ ಎರಡೂ ಬದಿ ಒಂದೇ ಕೈ ದಪ್ಪಗಿರುವ ಏಡಿಗಳು ಸಾಲಾಗಿ ಕೈ ಬೀಸುವುದು ಕಾಣುತ್ತದೆ. ತುದಿಯಲ್ಲಿ, ಮರಳುದಿಬ್ಬದ ಹುಲ್ಲಿನ ನಡುವೆ, ತುಕ್ಕು ಹಿಡಿದ ಲಂಗರುಗಳು ಸಾಲು ಸಾಲು. ಒಂದೊಂದೂ ಎದೆಮಟ್ಟ. ಮೊಟ್ಟೆಯಿಡಲು ಮೆಡಿಟರೇನಿಯನ್‌ಗೆ ಹೋಗುವ ಟ್ಯೂನಾ ಮೀನಿನ ದಾರಿಗೆ ಅಡ್ಡ ಕಟ್ಟುತ್ತಿದ್ದ ಭಾರೀ ಬಲೆಯನ್ನು ಹಿಡಿದಿಟ್ಟಿದ್ದು ಇವೇ. ಮೀನಿನ ಹಿಂಡು ಬರುವುದು ನಿಂತು, 1960ರ ದಶಕದಲ್ಲಿ ಆ ಕಸುಬೂ ನಿಂತಿತು. ಬೆಸ್ತರು ವಾಸವಿದ್ದ ಸಾಲುಮನೆಗಳು ಈಗ ಹೋಟೆಲು, ಅಂಗಡಿ. ಯಾಂತ್ರಿಕ ದೋಣಿಯ ಪರ್ಸೀನ್ ಬಲೆ ಬಂದು, ದಡದಿಂದ ಎಳೆಯುವ ರಂಪಣಿ ಬಲೆ ಮೂಲೆಗೆ ಸರಿದ ಕತೆಯನ್ನು ಮನೆಯಲ್ಲಿ ಕೇಳುತ್ತ ಬೆಳೆದ ನನಗೆ ಅಲ್ಲಿಂದ ಬೇಗ ಏಳಲಾಗಲಿಲ್ಲ. ಬೀದಿ-ಕಟ್ಟಡ ಎಂದು ಗೊಣಗುವ ನಮ್ಮವರೂ ಕ್ಯಾಮೆರಾ ಮರೆತು ನಿಂತಿದ್ದರು.

ಊಟ. ಮೀನು ತಿನ್ನುವವರಿಗೆ ನಾನು ಹೇಳಬೇಕಾದ್ದೇನಿಲ್ಲ; ಕೆಂಡದ ಮೇಲೆ ಕಲ್ಲುಪ್ಪು ಹಾಕಿ ಸುಟ್ಟ ಬೂತಾಯಿ, ಜೂನ್‌ನಿಂದ ಅದರ ಕಾಲ. ಸಸ್ಯಾಹಾರಿಗಳು ಸೂಪನ್ನೂ ನಂಬುವ ಹಾಗಿಲ್ಲ: ಕಾಲ್ದೊ ವೆರ್ದೆ ಎಂಬ ಸೊಪ್ಪಿನ ಸೂಪಿನಲ್ಲಿ ಸಾಮಾನ್ಯವಾಗಿ ಹಂದಿ ಸಾಸೇಜಿನ ಒಂದು ಬಿಲ್ಲೆ ತೇಲುತ್ತಿರುತ್ತದೆ. ಪೈಷಿನ್ಯೋಸ್ ದ ಓರ್ತಾ ಕೇಳಿ ನೋಡಿ, ಅಪ್ಪಟ ಬೀನ್ಸ್ ಬಜ್ಜಿ. ಸಮೋಸದಂತೆ ಕಾಣುವ ಶಮೂಸಾ ಗೋವಾ ನಂಟಿನದ್ದು, ಆದರೆ ಒಳಗೆ ಬಹುತೇಕ ಮಾಂಸ. ಅನ್ನ-ಸಾರಿಗೆ ಜೀವ ಬಡಿದುಕೊಂಡರೆ ಲಿಸ್ಬನ್‌ನ ಮಾರ್ತಿಂ ಮೊನೀಜ್ ಸುತ್ತ ಬೇಳೆ, ಹಸಿಮೆಣಸು, ಕೊತ್ತಂಬರಿ ಎಲ್ಲ ಸಿಗುತ್ತದೆ. ಹೋಟೆಲಲ್ಲಿ ಕೂತ ಕೂಡಲೇ ಕೇಳದೆಯೇ ತಂದಿಡುವ ಬ್ರೆಡ್, ಆಲಿವ್, ಚೀಸ್ ಬಿಟ್ಟಿ ಅಲ್ಲ, ತಿಂದರೆ ಬಿಲ್ಲಿಗೆ ಸೇರುತ್ತದೆ. ಬೇಡವಾದರೆ ಮುಟ್ಟದೆ ಬದಿಗಿಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಯಾವಾಗ ಹೋಗುವುದು? ಸೆಪ್ಟೆಂಬರ್. ಬೇಸಿಗೆಯಿಡೀ ಕಾದ ನೀರು ಇನ್ನೂ ಆರಿರುವುದಿಲ್ಲ, ಯುರೋಪಿನ ಶಾಲೆಗಳು ಶುರುವಾಗಿ ಜನ ತೆಳುವಾಗಿರುತ್ತಾರೆ. ಮೇ ತಿಂಗಳು ನಡೆಯುವುದಕ್ಕೆ ಚೆಂದ, ಈಜುವುದಕ್ಕಲ್ಲ. ಪೋರ್ಚುಗಲ್‌ಗೆ ಬೇಕಾದ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯೂರೋ; ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಬೇಗ ಹಾಕಿ. ಲಿಸ್ಬನ್ ಹೋಟೆಲುಗಳಲ್ಲಿ ತಲೆಗೆ ರಾತ್ರಿಗೆ 4 ಯೂರೋ ಪ್ರವಾಸಿ ತೆರಿಗೆ ಬೇರೆ.

ಎಷ್ಟು ದಿನ ಎಲ್ಲಿ ಅಂತ ಕೇಳಿದರೆ, ವಾರದ ರಜೆಯಾದರೆ ನಾಲ್ಕು ರಾತ್ರಿ ಲಿಸ್ಬನ್, ಮೂರು ರಾತ್ರಿ ತವೀರಾ. ಊರು ಮೊದಲು, ಕಡಲು ಆಮೇಲೆ. ಏರು ಹತ್ತಿ ನೊಂದ ಕಾಲಿಗೆ ಮರಳು ಹಿತ. ಒಂದು ಮಧ್ಯಾಹ್ನವಾದರೂ ಬೇರೆ ಬೇರೆ ಹೋಗಿ, ಅವರು ಮ್ಯೂಸಿಯಂಗೆ, ನೀವು ದ್ವೀಪಕ್ಕೆ, ಅಥವಾ ತಿರುಗಾಮುರುಗಾ. ರಾತ್ರಿ ಊಟಕ್ಕೆ ಮಾತಾಡಲು ಏನಾದರೂ ಇರುತ್ತದೆ. ವಿಮಾನದ ಟಿಕೆಟ್ ತೆಗೆಯುವಾಗ ಮಾತ್ರ ಒಂದು ಲೆಕ್ಕ ಹಾಕಿ. ಬೆಂಗಳೂರಿನಿಂದ ಹೇಗೂ ನೇರ ವಿಮಾನವಿಲ್ಲ, ಎಲ್ಲೋ ಒಂದು ಕಡೆ ಬದಲಿಸಲೇಬೇಕು. ಫಾರೋದಲ್ಲೂ ವಿಮಾನ ನಿಲ್ದಾಣವಿದೆ. ಲಿಸ್ಬನ್‌ಗೆ ಇಳಿದು ಫಾರೋದಿಂದ ಹತ್ತುವ ಟಿಕೆಟ್‌ನ ದರ ನೋಡಿ. ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಅದನ್ನೇ ತೆಗೆದುಕೊಳ್ಳಿ, ವಾಪಸ್ ಬರುವ ಮೂರು ತಾಸಿನ ರೈಲು ಉಳಿಯುತ್ತದೆ.