ಹಿಮ್ಮಡಿಯ ಗಂಟು

ನನ್ನ ಹಿಮ್ಮಡಿಯ ಮೇಲೊಂದು ಗಟ್ಟಿ ಗಂಟಿದೆ. ಗಮ್‌ಬೂಟು ಉಜ್ಜಿ ಆದದ್ದು ಅಂದುಕೊಂಡೇ ಇಷ್ಟು ವರ್ಷ ತೋಟ ತಿರುಗಿದೆ. ಕಳೆದ ಡಿಸೆಂಬರಿನಲ್ಲಿ ಕಾಫಿ ಕೊಯ್ಲಿನ ನಡುವೆ ರಕ್ತದ ರಿಪೋರ್ಟು ಹಿಡಿದು ಮಡಿಕೇರಿಗೆ ಹೋದಾಗ ಡಾಕ್ಟ್ರು ಚಪ್ಪಲಿ ಬಿಚ್ಚಿಸಿ ಆ ಗಂಟನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು. "ಮನೆಯಲ್ಲಿ ಸಣ್ಣ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆದವರು ಇದ್ದಾರಾ?"

ಅಪ್ಪ ಹೋದದ್ದು 46ಕ್ಕೆ. ಅಣ್ಣ 41ಕ್ಕೆ. ಅಣ್ಣನ ತಿಥಿಯ ದಿನ ನೆಂಟರೊಬ್ಬರು "ಹಂದಿ ಮಾಂಸ ತಿನ್ನಿಸಿ ತಿನ್ನಿಸಿಯೇ ಹೀಗಾದದ್ದು" ಅಂದದ್ದು ಅವ್ವನ ಕಿವಿಗೆ ಬಿತ್ತು. ಆಮೇಲೆ ಅವಳು ಹಂದಿ ಬೇಯಿಸಿಲ್ಲ. ಹಂದಿ ಅಡುಗೆಗೆ ಹಾಕುವ ಹುಳಿ, ಕಾಚಂಪುಳಿಯ ಬಾಟಲಿ ಅಟ್ಟದಲ್ಲಿ ಹಾಗೇ ಕೂತಿದೆ. ನಾನೂ ಎರಡು ವರ್ಷದಿಂದ ಮಾಂಸ ಮುಟ್ಟಿಲ್ಲ, ಆದರೂ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 236ಕ್ಕೆ ಏರಿತ್ತು.

"ಇದು ವಂಶದಲ್ಲೇ ಬಂದದ್ದು, ಈ ಗಂಟೂ ಕೊಲೆಸ್ಟರಾಲ್ ಕೂಡಿ ಆದದ್ದೇ" ಅಂದರು ಡಾಕ್ಟ್ರು. ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಪಿತ್ತಜನಕಾಂಗದಲ್ಲಿ ಇರುತ್ತವೆ. ಅವನ್ನು ಮಾಡುವ ಜೀನಿನ ಒಂದು ಪ್ರತಿ ಕೆಟ್ಟರೆ ಹುಟ್ಟಿದಾಗಿನಿಂದಲೇ ಕೊಲೆಸ್ಟರಾಲ್ ಏರಿರುತ್ತದೆ.

ಜೊತೆಗೆ ಬಂದಿದ್ದ ಮಗಳು ಕಿಟಕಿಯಾಚೆ ಕಾಂಪೌಂಡಿನ ಮೇಲಿದ್ದ ಮಂಗಗಳನ್ನೇ ನೋಡುತ್ತಿದ್ದವಳು, "ಮಂಗಗಳಿಗೂ ಬರ್ತದಾ ಸಾರ್?" ಅಂದಳು. ಬರ್ತದೆ ಅಂದರು. ನಮ್ಮ ಕೆಂಪು ಮೂತಿಯ ಮಂಗ ಅಲ್ಲ, ಉತ್ತರದ ಕಡೆಯ ರೀಸಸ್ ಜಾತಿಯ ಮಂಗ. ಅಮೆರಿಕದಲ್ಲಿ ಸಾಕಿದ್ದ ಅಂಥದೊಂದು ಕುಟುಂಬಕ್ಕೆ ಕೊಲೆಸ್ಟರಾಲ್ ಇಲ್ಲದ ಆಹಾರವನ್ನೇ ಹಾಕಿದರೂ ಕೆಲವಕ್ಕೆ ರಕ್ತದಲ್ಲಿ ಅದು ಏರಿಯೇ ಇತ್ತಂತೆ. 1990ರಲ್ಲಿ ಕಾರಣ ಸಿಕ್ಕಿತು: ಅದೇ ಜೀನಿನಲ್ಲಿ ಒಂದೇ ಅಕ್ಷರ ಬದಲಾಗಿ, ಗ್ರಾಹಕ ಅರ್ಧಕ್ಕೇ ನಿಂತುಬಿಡುತ್ತಿತ್ತು.

ನನಗೆ ಆ ಕ್ಷಣ ಕಣ್ಣು ತುಂಬಿತು. ಹಂದಿಯನ್ನು ಕಂಡೇ ಇರದ ಮಂಗಗಳು!

ಊಟದಲ್ಲಿ ಹಿಡಿತ ಇರಲೇಬೇಕು, ಆದರೆ ಅದೊಂದರಿಂದ ಇದು ಇಳಿಯದು ಅಂತ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟರು. ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಮಗಳ ರಕ್ತವನ್ನೂ ಇವತ್ತೇ ಕೊಡಿ ಅಂದರು. ಕೊಟ್ಟೆವು.

ಸಂಜೆ ಅವ್ವ ಕಣದಲ್ಲಿ ಕಾಫಿ ಗುಡ್ಡೆ ಹಾಕಿಸುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಮಂಗಗಳ ಕತೆಯನ್ನು ಎರಡು ಸಲ ಹೇಳಿಸಿದಳು. ಸುಮಾರು ಹೊತ್ತು ಬಿಟ್ಟು, "ಹಾಗಾದ್ರೆ ನನ್ನ ಅಡುಗೆಯಿಂದ ಅಲ್ವಾ ಮಗಾ?" ಅಂದಳು.

"ಅಲ್ಲ ಅವ್ವ."

ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದವಳು ಸೀದಾ ಫೋನಿನ ಹತ್ತಿರ ಹೋಗಿ, ಅಣ್ಣನ ಮಗನನ್ನು ಸೋಮವಾರವೇ ರಕ್ತ ಪರೀಕ್ಷೆಗೆ ಕಳಿಸು ಅಂತ ಅತ್ತಿಗೆಗೆ ಹೇಳಿದಳು.