ಚುನ್-ಲಿ ಮುಖದ ಪಂಚಾಯ್ತಿಕೆ

2017ರಲ್ಲಿ ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ ಇನ್ಫಿನಿಟ್ ಅಂತ ಒಂದು ಗೇಮ್ ಬಂತು, ಮಾರ್ವೆಲ್ ಕಾಮಿಕ್ಸಿನೋರಿಗೂ ಜಪಾನಿನ ಗೇಮ್ ಕಂಪನಿ ಕ್ಯಾಪ್‌ಕಾಮಿನ ಪಾತ್ರಗಳಿಗೂ ಹೊಡೆದಾಟ, ಅದ್ರಲ್ಲಿ ಸ್ಟ್ರೀಟ್ ಫೈಟರ್ ಗೇಮಿನ ಚುನ್-ಲಿ ಮುಖ ನೋಡಿ ಜನ ಯಾವ ಪರಿ ಬೈದ್ರು ಅಂದ್ರೆ ಜೂನ್‌ನಲ್ಲಿ ಡೆಮೊ ಬಿಟ್ಟೋರು ಸೆಪ್ಟೆಂಬರ್‌ನಲ್ಲಿ ಗೇಮ್ ಬಿಡೋದ್ರೊಳಗೆ ಆ ಮುಖನ ತಿದ್ದಬೇಕಾಯ್ತು. ಡಾಂಟೆ ಅನ್ನೋ ಇನ್ನೊಂದು ಪಾತ್ರದ ಮುಖಕ್ಕೂ ಬೈಗುಳ ಬಿದ್ದಿತ್ತು, ಆದ್ರೆ ಚುನ್-ಲಿ 1991ರಿಂದ ಜನರ ಕಣ್ಣಲ್ಲಿ ಕೂತ ಹುಡುಗಿ ನೋಡಿ, ಅವಳ ವಿಷಯಕ್ಕೆ ಸಿಟ್ಟು ಜಾಸ್ತಿ. ಆ ಜಗಳ ಎಲ್ಲಾ ಕಡೆ ಮುಗಿದು ಎಷ್ಟೋ ವರ್ಷ ಆದ್ಮೇಲೆ ನಮ್ಮನೇಲಿ ಶುರುವಾಯ್ತು, ದೊಡ್ಡಹಬ್ಬದ ದಿನ, ಅಂದ್ರೆ ದೀಪಾವಳಿಗೆ, ಶಿರಸಿ ಹತ್ರ ಮಾವನ ಮನೇಲಿ.

ಅವತ್ತು ಪಾಡ್ಯ, 2025ರ ಅಕ್ಟೋಬರ್ 22. ಬೆಳಿಗ್ಗೆ ಗೋಪೂಜೆ ಆಯ್ತು, ದನಗಳಿಗೆ ಅಡಿಕೆ ಶಿಂಗಾರದ ಸರ ಕಟ್ಟಿ ಬಿಟ್ಟಾಯ್ತು, ಹೋಳಿಗೆ ಊಟ ಆಗಿ ಗಂಡಸರೆಲ್ಲ ಜಗಲೀಲಿ ಅಡ್ಡಾದ್ರು. ಬೆಂಗಳೂರಲ್ಲಿ ಅನಿಮೇಶನ್ ಕೆಲಸ ಮಾಡೋ ಭಾವ ತನ್ನ ಲ್ಯಾಪ್‌ಟಾಪನ್ನ ಟಿವಿಗೆ ಸಿಕ್ಕಿಸಿ ಎರಡು ಕಂಟ್ರೋಲರ್ ತೆಗೆದಿಟ್ಟ. ಇದ್ದೋರೆಲ್ಲ ಹಬ್ಬದ ಖುಷಿಲಿದ್ರೆ ಕಾರವಾರದಿಂದ ಬಂದ ನಮ್ಮಣ್ಣನ ಮಗ ಮಾತ್ರ ಮೋರೆ ಗಂಟು ಹಾಕ್ಕೊಂಡು ಕಂಬಕ್ಕೆ ಒರಗಿ ಕೂತಿದ್ದ. ಕಾರಣ ಏನಂದ್ರೆ ಅವತ್ತೇ ಸಂಜೆ ಗೋವಾದ ಮಡಗಾಂವ್‌ನ ಫತೋರ್ಡಾ ಸ್ಟೇಡಿಯಮ್ಮಲ್ಲಿ ಎಫ್‌ಸಿ ಗೋವಾಗೂ ರೊನಾಲ್ಡೋನ ಟೀಮ್ ಅಲ್ ನಾಸರ್‌ಗೂ ಫುಟ್‌ಬಾಲ್ ಮ್ಯಾಚು, ಯಾರಿಗೆ ಯಾರು ಎದುರು ಅಂತ ಚೀಟಿ ಎತ್ತಿದಾಗಿಂದ ಇವನು ರೊನಾಲ್ಡೋ ಬರ್ತಾನೆ ಅಂತ ಕುಣೀತಿದ್ದ, ಕಾರವಾರದಿಂದ ಮಡಗಾಂವ್ ಎಷ್ಟು ದೂರ ಹೇಳಿ, ಅಪ್ಪನ ಹತ್ರ ಕರ್ಕೊಂಡು ಹೋಗೋ ಮಾತೂ ತಗೊಂಡಿದ್ದ. ಕಡೆಗೆ ನೋಡಿದ್ರೆ ರೊನಾಲ್ಡೋ ಟೀಮ್ ಜೊತೆ ಬರ್ಲೇ ಇಲ್ಲ. ಅವನಿಲ್ದಿದ್ಮೇಲೆ ಮ್ಯಾಚು ಎಂತಕ್ಕೆ ಅಂತ ಇವನೂ ಅಪ್ಪ ಅಮ್ಮನ ಜೊತೆ ಘಟ್ಟ ಹತ್ತಿ ಹಬ್ಬಕ್ಕೆ ಬಂದಿದ್ದ.

ಭಾವ ಮೊದ್ಲು ಹಾಕಿದ್ದು ಇನ್ಫಿನಿಟ್. ಟಿವೀಲಿ ತಿದ್ದಿದ ಚುನ್-ಲಿ, ಫೋನಲ್ಲಿ ತಿದ್ದೋಕ್ಕಿಂತ ಮುಂಚಿನ ಡೆಮೊ ಚುನ್-ಲಿ, ಎರಡನ್ನೂ ಪಕ್ಕಪಕ್ಕ ಹಿಡಿದು "ನೋಡೇ, ಈಗ ಸರಿ ಇದೆ, ಜನ ಸುಮ್ನೆ ಕೂಗಾಡ್ತಾರೆ, ಕಂಪ್ಯೂಟರಲ್ಲಿ ಮಾಡೆಲ್ ಮಾಡೋರ ಕಷ್ಟ ಯಾರಿಗೂ ಗೊತ್ತಿಲ್ಲ" ಅಂತ ನನ್ನ ಹತ್ರ ವಾದಕ್ಕೆ ನಿಂತ. ನಾನು ಒಪ್ಪಲಿಲ್ಲ. ನಂಗೆ ಚುನ್-ಲಿ ಅಂದ್ರೆ ಸ್ವಂತದವಳ ಥರ, ನಾನು ಸಣ್ಣೋಳಿದ್ದಾಗ ಶಿರಸಿ ಪೇಟೇಲಿ ವಿಡಿಯೋ ಗೇಮ್ ಅಂಗಡಿ ಇತ್ತು, ಹುಡುಗ್ರೆಲ್ಲ ಕಾಯಿನ್ ಹಾಕಿ ಮುಸ್ತಫಾ ಅನ್ನೋ ಗೇಮ್ ಆಡ್ತಿದ್ರು, ಹುಡುಗಿಯರು ಅಲ್ಲಿ ನಿಲ್ಲೋ ಹಂಗೂ ಇರ್ಲಿಲ್ಲ, ಆಮೇಲೆ ಮನೆಗೆ ಕಂಪ್ಯೂಟರ್ ಬಂದು ಅದ್ರಲ್ಲಿ ಹಳೇ ಗೇಮ್ ಆಡಿಸೋ ಎಮ್ಯುಲೇಟರ್ ಸಿಕ್ಕಾಗ ನಾನು ಮೊದ್ಲು ಆರಿಸಿದ್ದೇ ಅವಳನ್ನ. ಅವಳ ಗೆಲ್ಲೋ ಆಯುಧ ಕಾಲು, ಅದಕ್ಕೇ ಬರೆದೋರು ತೊಡೆ ಅಷ್ಟು ದಪ್ಪ ಬರೆದಿದ್ದಾರೆ, ಕೈಗೆ ಮುಳ್ಳಿನ ಬಳೆ, ತಲೆಗೆ ಎರಡು ಗಂಟು, ನೀಲಿ ಬಟ್ಟೆ. ಇವಳು ಏನು ಮಾಡ್ತಾಳೆ ಅಂತ ಹೊಡೆಯೋಕ್ಕಿಂತ ಮುಂಚೆನೇ ನೋಡಿದ್ರೆ ಗೊತ್ತಾಗ್ಬೇಕು, ಡಿಸೈನ್ ಅಂದ್ರೆ ಅದು. ಇನ್ಫಿನಿಟ್‌ನಲ್ಲಿ ಅವಳ ಪಕ್ಕ ಕ್ಯಾಪ್ಟನ್ ಅಮೆರಿಕ ನಿಂತ್ರೂ ಸ್ಟ್ರೀಟ್ ಫೈಟರ್‌ನ ರ್ಯೂ ನಿಂತ್ರೂ ಎಲ್ರಿಗೂ ಒಂದೇ ಮೇಣದ ಚರ್ಮ. ಅದೂ ಅಲ್ದೆ 1996ರಲ್ಲಿ ಮಾರ್ವೆಲ್ ಕ್ಯಾಪ್‌ಕಾಮ್ ಜೋಡಿ ಶುರುವಾಗಿದ್ದೇ ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್ ಅಂತ, ಇನ್ಫಿನಿಟ್‌ನಲ್ಲಿ ಒಬ್ಬ ಎಕ್ಸ್-ಮೆನ್ನೂ ಇಲ್ಲ, ವೊಲ್ವರಿನ್ ಇಲ್ಲ, ಮ್ಯಾಗ್ನೀಟೋ ಇಲ್ಲ. ಮುಖ ಒಂದೇ ಅಲ್ಲ ಜನ ಉರ್ಕೊಂಡಿದ್ದು.

ಆಗ ಮಾವ ಎದ್ದು ಕೂತ್ರು. ಮಾವಂಗೆ ಗೇಮ್ ಗೀಮ್ ಗೊತ್ತಿಲ್ಲ, ಆದ್ರೆ ಪ್ರಾಯದಲ್ಲಿ ಹವ್ಯಾಸಿ ಯಕ್ಷಗಾನ ತಂಡದಲ್ಲಿ ಸ್ತ್ರೀವೇಷ ಮಾಡ್ತಿದ್ದ ಜನ, ಚಿಟ್ಟಾಣಿಯವರ ಕೀಚಕ ನೋಡೋಕೆ ಅಂತ ರಾತ್ರೋರಾತ್ರಿ ದೇವಿಮನೆ ಘಟ್ಟ ಇಳಿದು ಹೊನ್ನಾವರದ ಕಡೆ ಹೋಗ್ತಿದ್ರಂತೆ. ಫೋನಲ್ಲಿದ್ದ ಚುನ್-ಲಿನ ಕನ್ನಡಕ ಏರಿಸಿ ನೋಡಿದ್ರು.

"ಈ ಕೂಸಿನ ಮೊಗ ಎಂತಕ್ಕೆ ಹಿಂಗಾಯ್ದು ಮಾಣಿ?"

ಭಾವ, "ಅದೇ ಮಾವ, ತಪ್ಪು ಮಾಡಿದ್ರು, ಆಮೇಲೆ ಸರಿ ಮಾಡಿದ್ರು" ಅಂದ.

"ಮೊಗದಲ್ಲಿ ಎಂತೂ ತಪ್ಪಿಲ್ಲೆ. ಗ್ಯಾಸ್ ಲೈಟಿಗೆ ಬರದ ಮೊಗನ ಟ್ಯೂಬ್ ಲೈಟಿನ ಕೆಳಗೆ ತಂದು ಕೂರ್ಸಿದಾಂಗೆ ಕಾಣ್ತು."

ಭಾವ ಒಂದು ಕ್ಷಣ ತಬ್ಬಿಬ್ಬಾದ. ಯಾಕಂದ್ರೆ ಅವನ ಕೆಲಸದಲ್ಲಿ ದಿನಾ ತಲೆ ತಿನ್ನೋ ವಿಷಯನೇ ಅದು, ಮಾಡೆಲ್ ಒಂದು ಬೆಳಕಲ್ಲಿ ಮಾಡ್ತಾರೆ, ಗೇಮ್ ಒಳಗೆ ಇನ್ನೊಂದು ಬೆಳಕು, ಕಣ್ಣಿನ ಗುಳಿ ಸತ್ತ ಹಾಗೆ ಕಾಣುತ್ತೆ, ಕೆನ್ನೆ ಉಬ್ಬುತ್ತೆ. ಮಾವ ಹೇಳೋ ಪ್ರಕಾರ ಮೊದ್ಲೆಲ್ಲ ಗ್ಯಾಸ್ ಲೈಟಿನ ಹಳದಿ ಬೆಳಕಿಗೆ ಹೊಂದೋ ಹಾಗೆ ಕೆಂಪು ಹಳದಿ ದಪ್ಪಗೆ ಹಚ್ಚೋರು, ಹುಬ್ಬು ಎಳೆಯೋದೂ ಅಷ್ಟೇ ಗಟ್ಟಿಯಾಗಿ, ಕರೆಂಟ್ ಬಂದ್ಮೇಲೂ ಕೆಲವರು ಅದೇ ಅಳತೆಲಿ ಬರ್ಕೊಂಡು ರಂಗಸ್ಥಳಕ್ಕೆ ಬಂದ್ರೆ ದ್ರೌಪದಿ ದ್ರೌಪದಿ ಥರ ಕಾಣ್ತಿರ್ಲಿಲ್ಲವಂತೆ.

ಅಲ್ಲಿಗೆ ಭಾವ ಗೇಮ್ ಬದಲಿಸಿದ. ಸೋತೆ ಅಂತ ಒಪ್ಪೋ ಜಾತಿ ಅಲ್ಲ ಅದು, ಬೇರೆ ಕಡೆಯಿಂದ ಹಿಡೀತಾನೆ. ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್ 2 ಅಂತ 2025ರ ಮೇ ತಿಂಗಳಲ್ಲಿ ಬಂದಿದೆ, ಅದ್ರಲ್ಲಿ 2001ರ ಕ್ಯಾಪ್‌ಕಾಮ್ ವರ್ಸಸ್ ಎಸ್‌ಎನ್‌ಕೆ 2 ಇದೆ, ಎಸ್‌ಎನ್‌ಕೆ ಅಂದ್ರೆ ಕ್ಯಾಪ್‌ಕಾಮಿನ ಎದುರಾಳಿ ಕಂಪನಿ, ಅದನ್ನ ಹಾಕಿ ನೇರವಾಗಿ ಕ್ಯಾಪ್‌ಕಾಮ್ ಕಡೆಯ ರೆಕ್ಕೆಯ ಹೆಣ್ಣು ಮಾರಿಗನ್ ಆರಿಸಿ "ಈಗ ಹೇಳು, ಇವಳನ್ನ ಹೇಗೆ ಸಮರ್ಥಿಸ್ತಿ?" ಅಂದ. ಗೊತ್ತಿದ್ದೋರಿಗೆ ಗೊತ್ತು, ಮಾರಿಗನ್ ಚಿತ್ರ ಅಂದ್ರೆ ಸ್ಪ್ರೈಟು 1994ರ ಡಾರ್ಕ್‌ಸ್ಟಾಕರ್ಸ್ ಕಾಲದ್ದು, ಅದನ್ನೇ ಎಳ್ಕೊಂಡು ಎಳ್ಕೊಂಡು ಬೇರೆಬೇರೆ ಗೇಮಿನೋರು ಸೇರೋ ಒಂದಾದ್ಮೇಲೊಂದು ಕ್ರಾಸೋವರ್ ಗೇಮಿಗೆ ಹಾಕಿದಾರೆ, 56 ಜನ ಇದ್ದ ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2ರಲ್ಲೂ ಅದೇ. ಪಕ್ಕದಲ್ಲಿ ಹೊಸದಾಗಿ ಬರೆದ ಎಸ್‌ಎನ್‌ಕೆಯ ಟೆರ್ರಿ, ಕ್ಯೋ ಎಲ್ಲ ನಿಂತಾಗ ಇವಳು ಬೇರೆ ಪುಸ್ತಕದಿಂದ ಕತ್ತರಿಸಿ ಅಂಟಿಸಿದ ಹಾಗೆ ಕಾಣ್ತಾಳೆ. ಇದು ನಿಜ, ನಾನೂ ಇಲ್ಲ ಅನ್ನಲ್ಲ. ಆದ್ರೆ ಕೆಲಸ ಉಳಿಸೋಕೆ ಹಳೇದನ್ನ ಹಾಗೇ ಹಾಕಿದ್ದು ಬೇರೆ ತಪ್ಪು, ಎಲ್ರನ್ನೂ ಉಜ್ಜಿ ಒಂದೇ ಥರ ಮಾಡಿದ್ದು ಬೇರೆ ತಪ್ಪು, ಎರಡರಲ್ಲಿ ಒಂದು ಆರಿಸು ಅಂದ್ರೆ ನಾನು ಮಾರಿಗನ್ ಕಡೆ. ಅವಳು ಅವಳಾಗಾದ್ರೂ ಇದ್ದಾಳೆ.

ಈ ಗೇಮಿನ ಚಂದ ಇನ್ನೊಂದಿದೆ. ಎರಡೂ ಮನೆಯ ಕಲಾವಿದರು, ಕ್ಯಾಪ್‌ಕಾಮ್ ಕಡೆಯ ಕಿನು ನಿಶಿಮುರಾ, ಎಸ್‌ಎನ್‌ಕೆ ಕಡೆಯ ಶಿನ್‌ಕಿರೋ, ಇಬ್ಬರೂ ಎದುರು ಮನೆಯವರ ಪಾತ್ರಗಳನ್ನೂ ತಮ್ಮ ಕೈಯಲ್ಲಿ ಬರೆದ್ರು. ಶಿನ್‌ಕಿರೋ ಬರೆದ್ರೆ ಗಂಭೀರವಾದ ಸಿನಿಮಾ ಪೋಸ್ಟರ್ ಥರ, ಕಿನು ಬರೆದ್ರೆ ಮೈಕೈ ತುಂಬಿದ ಲವಲವಿಕೆ. ಅಷ್ಟಾದ್ರೂ ಯಾರು ಯಾರು ಅನ್ನೋದ್ರಲ್ಲಿ ಒಂಚೂರೂ ಗೊಂದಲ ಆಗಲ್ಲ.

ಮಾವ ಇದನ್ನ ಕೇಳಿದ ಕೂಡ್ಲೇ "ಹೌದಾ, ಇದು ಕೂಡಾಟ" ಅಂದ್ರು. ಯಕ್ಷಗಾನದ ತೆಂಕು ಬಡಗು ಎರಡೂ ತಿಟ್ಟಿನೋರು ಸೇರಿ ಒಂದೇ ರಂಗಸ್ಥಳದಲ್ಲಿ ಆಡಿದ್ದನ್ನ ನೋಡಿದ್ರಂತೆ, ಇತ್ಲಾಗಿಂದ ಕಮಲದ ಎಸಳಿನ ಥರದ ಮುಂಡಾಸು ಕಟ್ಟಿ ಬಡಗಿನ ವೇಷ, ಅತ್ಲಾಗಿಂದ ತೆಂಕಿನ ಕಿರೀಟ, ಚೆಂಡೆ ಬಾರಿಸೋ ರೀತಿನೇ ಬೇರೆ, ಕುಣಿತ ಬೇರೆ. ಪ್ರೇಕ್ಷಕರಲ್ಲಿ ಅರ್ಧ ಜನ ಆಚೆ ಕಡೆ ವೇಷ ಎಂತ ಚಂದ ಅಂದ್ರೆ ಇನ್ನರ್ಧ ಜನ ನಮ್ಮ ಮುಂಡಾಸಿನ ಎದುರು ಅದು ಎಂತದೂ ಅಲ್ಲ ಅಂತ ಬೆಳಗಾಗೋವರೆಗೂ ಜಗಳ. ಇಬ್ಬರಿಗೂ ಒಂದೇ ಕಿರೀಟ ಇಟ್ಟುಬಿಡಾಣ ಅಂತ ಮಾತ್ರ ಯಾರೂ ಹೇಳಿರ್ಲಿಲ್ಲ ಅಂದ್ರು ಮಾವ. ಇಟ್ಟಿದ್ರೆ ಕೂಡಾಟ ನೋಡೋಕೆ ಯಾರು ಬರ್ತಿದ್ರು?

ಮಾವಂಗೆ ಅವತ್ತು ಅತಿ ಇಷ್ಟ ಆಗಿದ್ದು ಡ್ಯಾನ್. ಗುಲಾಬಿ ಬಟ್ಟೆ, ಹಿಂದೆ ಜುಟ್ಟು, ಬೆಂಕಿ ಉಂಡೆ ಬಿಟ್ರೆ ಮೂಗಿನ ತುದಿ ದಾಟಲ್ಲ. ಇವನ ಕಥೆ ನಾನೇ ಹೇಳ್ದೆ. ಸ್ಟ್ರೀಟ್ ಫೈಟರ್ ಮೊದಲನೇ ಗೇಮ್ ಮಾಡಿದ ತಕಾಶಿ ನಿಶಿಯಾಮಾ ಕ್ಯಾಪ್‌ಕಾಮ್ ಬಿಟ್ಟು ಎಸ್‌ಎನ್‌ಕೆಗೆ ಹೋಗಿ 1991ರಲ್ಲಿ ಫೇಟಲ್ ಫ್ಯೂರಿ ಮಾಡಿದ್ರು, ಆಮೇಲೆ ಅದೇ ಎಸ್‌ಎನ್‌ಕೆಯ ಆರ್ಟ್ ಆಫ್ ಫೈಟಿಂಗ್‌ನಲ್ಲಿ ರ್ಯೋ, ರಾಬರ್ಟ್ ಅಂತ ಇಬ್ಬರು ಬಂದ್ರು, ನೋಡೋಕೆ ಸ್ಟ್ರೀಟ್ ಫೈಟರ್‌ನ ರ್ಯೂ ಕೆನ್ ನೆನಪಾಗ್ತಾರೆ. ಕ್ಯಾಪ್‌ಕಾಮ್‌ನೋರು ಸುಮ್ನೆ ಕೂರ್ತಾರಾ, ಆ ಇಬ್ಬರನ್ನೂ ಅಣಕಿಸಿ ಒಬ್ಬ ಕೈಲಾಗದ ಕರಾಟೆಯವನನ್ನ ಮಾಡಿ 1995ರ ಸ್ಟ್ರೀಟ್ ಫೈಟರ್ ಆಲ್ಫಾದಲ್ಲಿ ಬಿಟ್ರು, ಅವನೇ ಡ್ಯಾನ್. ಮಾವ ಹೊಟ್ಟೆ ಹಿಡ್ಕೊಂಡು ನಕ್ರು. ಜೋಡಾಟದಲ್ಲಿ ಪಕ್ಕದ ರಂಗಸ್ಥಳದವರನ್ನ ಇತ್ಲಾ ಮೇಳದ ಹಾಸ್ಯದಂವ ಹೀಗೇ ಅಣಕಿಸ್ತಿದ್ದ ಅಂತ ಹೇಳಿ, ಕಂಟ್ರೋಲರ್ ತಗೊಂಡು ಡ್ಯಾನ್‌ನೇ ಆಡಿದ್ರು, ಸೋತ್ರು, ಮತ್ತೆ ಅವನನ್ನೇ ಆರಿಸಿದ್ರು.

ಮಧ್ಯ ಒಂದು ತಮಾಷೆ. ಅತ್ತೆ ಕಷಾಯ ತಗೊಂಡು ಬರೋ ಸದ್ದು ಕೇಳಿದ್ರೆ ಸಾಕು, ಸೆಲೆಕ್ಟ್ ಸ್ಕ್ರೀನ್‌ನಲ್ಲಿ ಮೈ ಕಾಣೋ ಬಟ್ಟೆಯ ಮಾಯಿ ಶಿರಾನುಯಿ ಮೇಲಿದ್ದ ಕರ್ಸರ್ ಟಪ್ ಅಂತ ಟೆರ್ರಿ ಮೇಲೆ ಕೂರೋದು. ಅತ್ತೆ ಹೋದ್ಮೇಲೆ ಮತ್ತೆ ಮಾಯಿ. ಈ ಮಾಯಿ 2025ರ ಫೆಬ್ರವರಿಯಲ್ಲಿ ಸ್ಟ್ರೀಟ್ ಫೈಟರ್ 6ಕ್ಕೆ ಅತಿಥಿಯಾಗಿ ಬಂದಾಗ್ಲೂ ಮೊದಲನೇ ಉಡುಪು ಜಾಕೆಟ್ಟು, ಹಳೇ ಕೆಂಪು ಬಟ್ಟೆ ಎರಡನೇ ಉಡುಪು, ಮೈ ಮುಚ್ಚಿಬಿಟ್ರು ಅಂತ ಕೆಲವರು, ಅಂತೂ ಮುಚ್ಚಿದ್ರಲ್ಲ ಅಂತ ಕೆಲವರು. ನನ್ನ ಅಭಿಪ್ರಾಯ ಕೇಳಿದ್ರೆ, ಜಾಕೆಟ್ ಹಾಕಿದ್ರೂ ಅವಳ ಬೀಸಣಿಗೆ ಇದೆ, ಹಿಂದಿನ ಜುಟ್ಟಿದೆ, ದೂರದಿಂದಲೇ ಗೊತ್ತಾಗುತ್ತೆ, ಅಷ್ಟು ಸಾಕು. ಆದ್ರೆ ಅತ್ತೆ ಬಂದಾಗ ಕರ್ಸರ್ ಓಡ್ಸೋ ಹುಡುಗ್ರು ಕಲೆ, ಸ್ವಾತಂತ್ರ್ಯ ಅಂತೆಲ್ಲ ವಾದ ಮಾಡಬಾರ್ದು.

ಮೂರು ಗಂಟೆ ಹೊತ್ತಿಗೆ ಕರೆಂಟ್ ಹೋಯ್ತು. ಮೋಡ ಬೇರೆ ಕಪ್ಪಿಟ್ಟಿತ್ತು. ಟಿವಿ ಆಫ್, ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿ ಮೇಲೆ, ಅದೂ ಜಾಸ್ತಿ ಹೊತ್ತು ಬರ್ಲಿ ಅಂತ ಬ್ರೈಟ್‌ನೆಸ್ ಪೂರ್ತಿ ಇಳ್ಸಿ ಆಡೋಕೆ ಕೂತ್ವಿ. ಅಂಗೈ ಅಗಲದ ಮಬ್ಬು ಬೊಂಬೆಗಳು, ನಾವು ಆರೇಳು ಜನ ಮೇಲೆ ಬಗ್ಗಿ ನೋಡೋದು. ಆಗ್ಲೂ ಕ್ಯಾಪ್‌ಕಾಮ್ ವರ್ಸಸ್ ಎಸ್‌ಎನ್‌ಕೆ 2ರಲ್ಲಿ ಯಾರು ಯಾರು ಅಂತ ಗುರುತು ಹಿಡಿಯೋಕೆ ಯಾರಿಗೂ ಕಷ್ಟ ಆಗ್ಲಿಲ್ಲ, ಟೆರ್ರಿ ಟೋಪಿ, ಚುನ್-ಲಿ ಗಂಟು, ಧಾಲ್ಸಿಮ್‌ನ ಉದ್ದ ಕೈಕಾಲು, ಬೈಸಿಕೊಂಡ ಮಾರಿಗನ್ ರೆಕ್ಕೆ ಕೂಡ. ಅದನ್ನ ಮುಚ್ಚಿ ಇನ್ಫಿನಿಟ್ ಹಾಕು ಅಂತ ನಾನೇ ಹಟ ಹಿಡಿದೆ. ಹಾಕಿದ. ಕಂದು ಮಬ್ಬಲ್ಲಿ ಕಂದು ಮಬ್ಬು ಹೊಡೆದಾಡ್ತಿತ್ತು, ಯಾರ ಕೈ ಯಾರ ಕಾಲು ಅಂತಾನೇ ತಿಳೀಲಿಲ್ಲ. ಭಾವ, ಬ್ರೈಟ್‌ನೆಸ್ ಇಳ್ಸಿ ನೋಡಿದ್ರೆ ಯಾವ ಗೇಮೂ ಹಾಗೇ ಅಂತ ಗೊಣಗಿದ. ಮಾವ ಬಿಡ್ಲಿಲ್ಲ.

"ಆಟನ ಎದುರು ಕೂತು ನೋಡವು ನಾಕು ಜನ. ಉಳಿದವೆಲ್ಲ ಹಿಂದೆ ನಿಂತವು. ಅವ್ಕೆ ಯಾರು ಬಂದ ಹೇಳಿ ಗೊತ್ತಾಗವು, ಅದು ವೇಷ."

ಧಾಲ್ಸಿಮ್ ವಿಷಯಕ್ಕೆ ಮಾತ್ರ ಒಳ್ಳೆ ಗಲಾಟೆ ಆಯ್ತು. ಭಾರತದೋನು ಅಂತ ಹೇಳಿ ಕೊರಳಿಗೆ ತಲೆಬುರುಡೆ ಹಾಕಿ, ಬಾಯಲ್ಲಿ ಬೆಂಕಿ ಉಗಿಸೋದು ನಮಗೆ ಅವಮಾನ ಅಂತ ಭಾವ, ಅಲ್ಲ ಅವು ಅವನ ಹಳ್ಳೀಲಿ ರೋಗಕ್ಕೆ ಸತ್ತ ಮಕ್ಕಳದ್ದು ಅಂತ ಕಥೆ ಇದೆ ಅಂತ ನಾನು, ಅದ್ರಿಂದ ಇನ್ನೂ ಕೆಟ್ಟದಾಯ್ತಲ್ಲ ಅಂತ ಅವನು. ವೇಷ ಹೊರಗಿನೋರ ಕಲ್ಪನೆ ಅನ್ನೋದ್ರಲ್ಲಿ ಅನುಮಾನ ಇಲ್ಲ. ಆಡೋಕೆ ಕೂತ್ರೆ ಮಾತ್ರ ಅದ್ಭುತ, ಚಾಚಿದ ಕೈಗೆ ಹೊಡೆದ್ರೂ ಅವನಿಗೆ ಪೆಟ್ಟು ಬೀಳುತ್ತೆ, ಅವನ ಬಲನೇ ಅವನ ತೊಂದರೆ, ಅದು ಚಿತ್ರದಲ್ಲೇ ಕಾಣುತ್ತೆ. ಮಾವ ಇದಕ್ಕೆ ತೀರ್ಪು ಕೊಡ್ಲಿಲ್ಲ, ಕವಳ ಹಾಕ್ಕೊಂಡು ಸುಮ್ನಾದ್ರು.

ಕರೆಂಟ್ ಬಂದ್ಮೇಲೆ ನಮ್ಮ ಕಾರವಾರದ ಮಾಣಿಗೆ ಜೀವ ಬಂತು. ಭಾವನ ಹತ್ರ ಫೇಟಲ್ ಫ್ಯೂರಿ ಸಿಟಿ ಆಫ್ ದ ವುಲ್ವ್ಸ್ ಇತ್ತು, 2025ರ ಏಪ್ರಿಲ್‌ನಲ್ಲಿ ಬಂದಿದ್ದು, ಅದ್ರಲ್ಲಿ ಬೇರೆ ಯಾರೂ ಅಲ್ಲ, ಕ್ರಿಸ್ಟಿಯಾನೋ ರೊನಾಲ್ಡೋನೇ ಹೊಡೆದಾಡ್ತಾನೆ. ಆ ಸುದ್ದಿ ಬಂದಾಗ ಹಳೇ ಅಭಿಮಾನಿಗಳು ತಲೆ ಚಚ್ಕೊಂಡಿದ್ರು, 26 ವರ್ಷ ಕಾದಿದ್ದು ಇದಕ್ಕಾ ಅಂತ, ಯಾಕಂದ್ರೆ ಇದರ ಹಿಂದಿನ ಭಾಗ ಗರೋ ಬಂದಿದ್ದು 1999ರಲ್ಲಿ. ನಾನೂ ಅದೇ ಪಕ್ಷ. ತೋಳ, ಬೆಂಕಿ, ಸೇಡು ಅಂತಿರೋ ಊರಿಗೆ ಒಬ್ಬ ನಿಜವಾದ ಫುಟ್‌ಬಾಲ್ ಆಟಗಾರ ಬಂದು ಬಾಲ್ ಒದ್ದು ಹೊಡೆಯೋದು ಅಂದ್ರೆ, ಅದು ಎರಡು ಮನೆ ಸೇರಿದ ಹಾಗೆ ಅಲ್ಲ, ಜಾಹೀರಾತು ಬೋರ್ಡ್ ಎದ್ದು ಬಂದ ಹಾಗೆ.

ಮಾಣಿ ಕೇಳ್ದ, "ಅತ್ತೆ, ದೂರದಿಂದ ನೋಡಿದ್ರೆ ಯಾರು ಅಂತ ಗೊತ್ತಾಗ್ಬೇಕು ಅಂತ ನೀನೇ ಹೇಳಿದ್ಯಲ್ಲ, ಇವನು ಯಾರಿಗೆ ಗೊತ್ತಾಗಲ್ಲ?"

ಉತ್ತರ ಇತ್ತು ನನ್ನ ಹತ್ರ, ಮುಖ ಗೊತ್ತಿರೋದು ಬೇರೆ ವೇಷ ಇರೋದು ಬೇರೆ ಅಂತ ಹೇಳ್ದೆ ಕೂಡ, ಅವನು ಕೇಳಿಸ್ಕೊಳ್ಳೋ ಸ್ಥಿತೀಲಿ ಇರ್ಲಿಲ್ಲ. ಬಾಲ್ ಒದ್ದು ಒದ್ದು ಭಾವನ ಟೆರ್ರಿಯನ್ನ ಮೂಲೆಗೆ ಹಾಕಿ, ಗೆದ್ದು, ಅಂಗಳಕ್ಕೆ ಹಾರಿ ಗಾಳೀಲಿ ತಿರುಗಿ ಕೈ ಕೆಳಗೆ ಚಾಚಿ ಒಂದು ಕೂಗು ಹಾಕ್ದ, ಕೊಟ್ಟಿಗೇಲಿದ್ದ ಕರು ಬೆದರಿತು, ನಮ್ಮತ್ತೆ ಹತ್ರ ಬೈಸ್ಕೊಂಡ. ರಾತ್ರಿ ಅಲ್ ನಾಸರ್ 2-1 ಗೆದ್ದ ಸುದ್ದಿ ಬಂದಾಗ ಅವನಿಗೆ ಅದು ಬೇಕಾಗೇ ಇರ್ಲಿಲ್ಲ.

ಎಲ್ಲಾ ಅವರವರ ಊರು ಸೇರಿದ್ಮೇಲೆ ಭಾವ ಫ್ಯಾಮಿಲಿ ಗ್ರೂಪಿಗೆ ಒಂದು ವಿಡಿಯೋ ಹಾಕ್ದ. ಇನ್ಫಿನಿಟ್‌ಗೆ ಅಭಿಮಾನಿಗಳೇ ಕೂತು ಗೇಮ್ ತಿದ್ದಿದ್ದು, ಅದಕ್ಕೆ 'ಮಾಡ್' ಅಂತಾರೆ, ಇನ್ಫಿನಿಟ್ ಆ್ಯಂಡ್ ಬಿಯಾಂಡ್ ಅಂತ, ಆ ಮೇಣದ ಚರ್ಮ ತೆಗೆದು ಕಾಮಿಕ್ಸ್ ಥರ ಗೆರೆ ಬಣ್ಣ ಕೊಟ್ಟಿದಾರೆ, ಚುನ್-ಲಿ ಈಗ ಚುನ್-ಲಿ ಥರ ಇದ್ದಾಳೆ. ನೋಡು, ಮಾಡೆಲ್ ಮಾಡೋರನ್ನ ಬೈಬೇಡ ಅಂತ ನಾನು ಅವತ್ತೇ ಹೇಳಿದ್ನಲ್ಲ ಅಂತ ಕೆಳಗೆ ಬರೆದಿದ್ದ. ನಾನು ಉತ್ತರ ಟೈಪ್ ಮಾಡ್ತಿದ್ದೆ, ಅಷ್ಟರಲ್ಲಿ ಮಾವನ ವಾಯ್ಸ್ ಮೆಸೇಜ್ ಬಂತು.

"ಹಾಂ, ಈಗ ಅಡ್ಡಿಲ್ಲೆ. ಹಣೆ ಮೇಲೆ ಬೆಳಕು ಇನ್ನೂ ಸ್ವಲ್ಪ ಜಾಸ್ತಿ ಇದ್ದು. ಮತ್ತೆ ಆ ರೊನಾಲ್ಡೋಂಗೆ ಒಂದು ಮುಂಡಾಸು ಕಟ್ಟಲೆ ಹೇಳು ಮಾಣಿ, ಬರೀ ತಲೇಲಿ ರಂಗಸ್ಥಳಕ್ಕೆ ಬೈಂದ."